ಕುಂಡದಲ್ಲಿ ಸೊರಗುತ್ತಿರುವ ಬಟನ್ ರೋಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ 26, ಆಗಸ್ಟ್ 15ರ ಆಸುಪಾಸಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಮುಗಿದು ಎರಡು ಮೂರು ವಾರ ಆಯ್ತು ಅಂದ್ರೆ ನನಗೆ ಅಲ್ಲಿಂದ ಕೊಂಡು ತಂದ ಗುಲಾಬಿ ಗಿಡದ ಫೋಟೋಗಳು ಬರಲು ಶುರುವಾಗುತ್ತವೆ. ಬೋಳು ಕಡ್ಡಿ, ನಾಲ್ಕು ಹಳದಿ ಎಲೆ, ಕೆಳಗೆ "ಏನಾಗಿದೆ?" ಅಂತ ಒಂದು ಸಾಲು. ಹೆಚ್ಚಿನವರ ಸಮಸ್ಯೆ ಬೇರಿನಲ್ಲಿ ಇರುತ್ತದೆ, ಅವರು ನೋಡುತ್ತಿರುವುದು ಎಲೆಯನ್ನ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಬಟನ್ ರೋಸ್, ಮಿನಿಯೇಚರ್ ರೋಸ್ ಎರಡೂ ಒಂದೇನಾ? ಮುಂದೆ ದೊಡ್ಡ ಗಿಡ ಆಗಲ್ವಾ?

ನಮ್ಮ ನರ್ಸರಿಗಳಲ್ಲಿ ಬಟನ್ ರೋಸ್ ಅಂತ ಕೊಡುವುದು ಬಹುಪಾಲು ಮಿನಿಯೇಚರ್ ಗುಲಾಬಿಯೇ. ಎಲೆ, ಮುಳ್ಳು, ಹೂ, ಎಲ್ಲವೂ ಚಿಕ್ಕದು. ಸಾಮಾನ್ಯವಾಗಿ 15ರಿಂದ 45 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಇದರ ಮೂಲ ಚೀನಾದ ಕುಬ್ಜ ಗುಲಾಬಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಮೂರ್ ಎಂಬುವರು ಜೀವನವಿಡೀ ಇದೇ ಕೆಲಸ ಮಾಡಿ ನೂರಾರು ತಳಿ ಹುಟ್ಟಿಸಿದರು. ಗಿಡ ಚಿಕ್ಕದು ಅಂತ ಮನೆಯೊಳಗಿನ ಗಿಡ ಅಂದುಕೊಳ್ಳಬೇಡಿ. ಬಿಸಿಲಿನ ವಿಷಯದಲ್ಲಿ ಇದು ಪೂರ್ತಿ ಗುಲಾಬಿ.

ತಂದಾಗ ಮೈತುಂಬಾ ಹೂ ಇತ್ತು. ಎರಡೇ ವಾರಕ್ಕೆ ಎಲೆ ಎಲ್ಲಾ ಹಳದಿಯಾಗಿ ಉದುರ್ತಿದೆ. ನಾನೇನು ತಪ್ಪು ಮಾಡಿದೆ?

ಬಹುಶಃ ಏನೂ ಮಾಡಿಲ್ಲ. ಗಿಡ ಬೆಳೆದದ್ದು ಪಾಲಿಹೌಸ್ ಒಳಗೆ, ಅಂದ್ರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆಯಲ್ಲಿ. ಅಲ್ಲಿ ತೇವದ ಗಾಳಿ, ಅಳತೆಯ ಬೆಳಕು, ನೀರಿನ ಜೊತೆಗೇ ಗೊಬ್ಬರ. ಮಾರಾಟದ ದಿನಕ್ಕೆ ಸರಿಯಾಗಿ ಹೂ ಬರುವ ಹಾಗೆ ಬೆಳೆಸಿರುತ್ತಾರೆ. ಅಲ್ಲಿಂದ ಟೆಂಪೋ, ಅಂಗಡಿ, ನಿಮ್ಮ ಸ್ಕೂಟರ್, ಕೊನೆಗೆ ನಿಮ್ಮ ಬಾಲ್ಕನಿ. ಹಳೇ ಎಲೆಗಳನ್ನ ಬಿಟ್ಟು ಹೊಸ ಜಾಗಕ್ಕೆ ಒಗ್ಗುವ ಎಲೆಗಳನ್ನ ಗಿಡ ಮತ್ತೆ ಮಾಡಿಕೊಳ್ಳಬೇಕು.

ಈ ಹೊತ್ತಿನಲ್ಲಿ ಇರುವ ಹೂ, ಮೊಗ್ಗು ಎಲ್ಲವನ್ನೂ ಕತ್ತರಿಸಿಬಿಡಿ. ಮನಸ್ಸು ಬರಲ್ಲ, ಗೊತ್ತು. ಆದರೂ ಕತ್ತರಿಸಿ. ಬೆಳಗಿನ ಎಳೆ ಬಿಸಿಲು ಬೀಳುವ ಕಡೆ ಒಂದು ವಾರ ಇಟ್ಟು, ಆಮೇಲೆ ನಿಧಾನಕ್ಕೆ ಪೂರ್ತಿ ಬಿಸಿಲಿಗೆ ಸರಿಸಿ. ಉದುರುತ್ತಿರುವುದು ಕೆಳಗಿನ ಎಲೆ, ತುದಿಯಲ್ಲಿ ಕೆಂಪು ಚಿಗುರು ಇಣುಕುತ್ತಿದೆ ಅಂದ್ರೆ ಗಾಬರಿ ಬೇಡ.

ಬರೀ ಕಡ್ಡಿ ಉಳಿದಿದೆ. ಜೀವ ಇದೆಯೋ ಇಲ್ವೋ ಹೇಗೆ ಗೊತ್ತಾಗೋದು?

ಉಗುರಿನಿಂದ ಕಾಂಡದ ಸಿಪ್ಪೆಯನ್ನ ಚೂರೇ ಚೂರು ಕೆರೆಯಿರಿ. ಒಳಗೆ ಹಸಿರು, ಮುಟ್ಟಿದರೆ ಒದ್ದೆ ಅನ್ನಿಸಿದರೆ ಜೀವ ಇದೆ. ಕಂದು ಬಣ್ಣ, ಒಣಕಲು ಅಂದ್ರೆ ಆ ಜಾಗ ಸತ್ತಿದೆ. ಮೇಲಿನಿಂದ ಶುರು ಮಾಡಿ ಕೆಳಗೆ ಬನ್ನಿ. ಮೇಲೆಲ್ಲಾ ಸತ್ತು ಬುಡದ ಎರಡು ಇಂಚು ಹಸಿರಿದ್ದರೂ ಸಾಕು, ಅಲ್ಲಿಂದ ಚಿಗುರುತ್ತದೆ.

ಟೀವಿ ಪಕ್ಕ ಇಟ್ರೆ ಚೆನ್ನಾಗಿ ಕಾಣುತ್ತೆ. ಇಡಬಹುದಾ?

ಹೂ ಇದ್ದಾಗ ನೆಂಟರು ಬರುವ ಎರಡು ದಿನ ಇಡಿ. ಆಮೇಲೆ ಹೊರಗೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಪೂರ್ವಕ್ಕಿರುವ ಬಾಲ್ಕನಿ ಅತ್ಯುತ್ತಮ. ಅಪಾರ್ಟ್‌ಮೆಂಟಿನ ಉತ್ತರದ ಬಾಲ್ಕನಿ ಮಾತ್ರ ಇದ್ದರೆ ಗುಲಾಬಿ ಬಿಟ್ಟು ಬೇರೆ ಗಿಡ ನೋಡಿ ಅಂತಲೇ ನಾನು ಹೇಳುವುದು.

ದಿನಾ ನೀರು ಹಾಕ್ಬೇಕಾ? ಒಬ್ಬರು ಹಾಕಿ ಅಂತಾರೆ, ಒಬ್ಬರು ಬೇಡ ಅಂತಾರೆ.

ಇಬ್ಬರೂ ಅವರವರ ಕುಂಡದ ಬಗ್ಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ನೀವು ನಿಮ್ಮ ಕುಂಡವನ್ನ ಕೇಳಿ. ಬೆರಳನ್ನ ಒಂದು ಇಂಚು ಮಣ್ಣಿಗಿಳಿಸಿ. ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬೇಡ. ಹಾಕಿದಾಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ. ಲೋಟದ ಲೆಕ್ಕದಲ್ಲಿ ಚೂರು ಚೂರು ಹಾಕಿದರೆ ಮೇಲಿನ ಮಣ್ಣು ಮಾತ್ರ ಒದ್ದೆಯಾಗುತ್ತದೆ, ಅಡಿಯ ಬೇರಿಗೆ ಸಿಗುವುದೇ ಇಲ್ಲ. ತಟ್ಟೆಯಲ್ಲಿ ನಿಂತ ನೀರನ್ನ ಚೆಲ್ಲಿಬಿಡಿ.

ಇನ್ನೊಂದು ಮಾತು. ನೀರು ಜಾಸ್ತಿಯಾದರೂ ಗಿಡ ಬಾಡುತ್ತದೆ, ಕಮ್ಮಿಯಾದರೂ ಬಾಡುತ್ತದೆ. ಮಣ್ಣು ಒದ್ದೆ ಇದ್ದೂ ಎಲೆ ಜೋತು ಬಿದ್ದಿದ್ದರೆ ಹೆಚ್ಚಾಗಿ ಬೇರು ಕೊಳೆಯುತ್ತಿದೆ ಅಂತ ಅರ್ಥ. ಬಾಡಿದೆ ಅಂತ ಅದಕ್ಕೆ ಇನ್ನೊಂದು ಚೊಂಬು ಸುರಿದರೆ ಕಥೆ ಮುಗೀತು.

ನಮ್ಮ ಕಡೆ ಬಿಸಿಲು ಭಾಳ ಐತ್ರಿ. ಏಪ್ರಿಲ್‌ದಾಗ ಗಿಡ ಎಲ್ಲಿಡೂದು?

ಕಲಬುರಗಿ, ರಾಯಚೂರು, ವಿಜಯಪುರದಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ತಾರಸಿಯ ಮೇಲೆ ಚಿಕ್ಕ ಕುಂಡ ಇಡಲೇಬೇಡಿ. ಬೆಳಗ್ಗೆ ಹತ್ತು ಹನ್ನೊಂದರವರೆಗೆ ಬಿಸಿಲು ಸಾಕು, ಆಮೇಲೆ ನೆರಳು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಒಳಗಿನ ಬೇರನ್ನ ಬೇಯಿಸುತ್ತದೆ. ಅದನ್ನ ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವೆ ಒಣ ಎಲೆ ತುಂಬಿ. ಮಣ್ಣಿನ ಮೇಲೆ ತೆಂಗಿನ ನಾರು ಹಾಸಿ. ಬೇಸಿಗೆಯಲ್ಲಿ ಹೂ ಚಿಕ್ಕದಾಗಿ, ಬಣ್ಣ ಮಾಸಿದ ಹಾಗೆ ಬರುತ್ತದೆ. ಅದಕ್ಕೆ ಔಷಧಿ ಇಲ್ಲ, ಮಳೆ ಬೀಳಬೇಕು ಅಷ್ಟೇ.

## ಬೇರು, ಮಣ್ಣು, ಗೊಬ್ಬರ

ತಂದ ತಕ್ಷಣ ಕುಂಡ ಬದಲಾಯಿಸ್ಬೇಕಾ? ನರ್ಸರಿಯವರು ಮಣ್ಣಿನ ಉಂಡೆ ಬಿಡಿಸ್ಬೇಡಿ ಅಂದ್ರು.

ಒಂದು ವಾರ ಹತ್ತು ದಿನ ಗಿಡ ನಿಮ್ಮ ಮನೆಯ ಗಾಳಿಗೆ ಒಗ್ಗಲಿ. ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಿ. ಬಿದಿರು ಕಡ್ಡಿಯನ್ನೋ ಹಳೇ ಸ್ಕ್ರೂಡ್ರೈವರನ್ನೋ ಗಿಡದ ಬುಡದ ಪಕ್ಕ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಆತುರ ಇಲ್ಲ. ಅರ್ಧ ಇಂಚಿಗೇ ಟಕ್ ಅಂತ ನಿಂತರೆ ಒಳಗಿರುವುದು ಅಂಟು ಮಣ್ಣಿನ ಉಂಡೆ.

ಬೆಂಗಳೂರಿನ ನರ್ಸರಿಗಳಿಗೆ ಆಂಧ್ರದ ಕಡಿಯಂ ಕಡೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ಲೋಡುಗಟ್ಟಲೆ ಗಿಡ ಬರುತ್ತವೆ. ಲಾರಿಯಲ್ಲಿ ಬೇರು ಅಲುಗಾಡಬಾರದು ಅಂತ ಅಂಟು ಮಣ್ಣು ಮೆತ್ತಿ ಉಂಡೆ ಕಟ್ಟಿರುತ್ತಾರೆ. ಸಾಗಿಸಲು ಅದು ಸರಿ. ಆದರೆ ನಿಮ್ಮ ಮನೆಗೆ ಬಂದು ಒಂದೆರಡು ಸಲ ಒಣಗಿತೋ, ಇಟ್ಟಿಗೆ ಥರ ಗಟ್ಟಿಯಾಗುತ್ತದೆ. ಆಮೇಲೆ ಹಾಕಿದ ನೀರು ಉಂಡೆಯ ಸುತ್ತ ಜಾರಿ ತೂತಿನಿಂದ ಹೊರಗೆ ಬರುತ್ತದೆ. ನೀವು ನೀರು ಹರಿದದ್ದು ನೋಡಿ ಸಮಾಧಾನ ಪಡುತ್ತೀರಿ. ಅಂಥ ಉಂಡೆಯನ್ನ ಒಡೆದು ನೋಡಿದರೆ ಹೊರಗೆಲ್ಲಾ ಒದ್ದೆ, ನಡುವೆ ಬೇರಿನ ಸುತ್ತ ಒಣ ಪುಡಿ ಇರುತ್ತದೆ. ಮೇಲೆ ಒಳ್ಳೆಯ ಮಣ್ಣು ತುಂಬಿದ ಕುಂಡದಲ್ಲೂ ಇದೇ ಕಥೆ, ಯಾಕೆಂದರೆ ಉಂಡೆ ಹಾಗೇ ಇದೆ.

ಬಿಡಿಸುವುದು ಹೀಗೆ. ಸಂಜೆ ಹೊತ್ತು ಬಕೆಟ್ ನೀರಿನಲ್ಲಿ ಉಂಡೆಯನ್ನ ಅರ್ಧ ಮುಕ್ಕಾಲು ಗಂಟೆ ನೆನೆಸಿಡಿ. ಕೈಯಿಂದ ಎಳೆಯಬೇಡಿ, ನೀರಿನೊಳಗೇ ಮೆಲ್ಲಗೆ ಅಲುಗಾಡಿಸಿ, ಮಣ್ಣು ತಾನಾಗಿ ಕರಗುತ್ತಾ ಬರುತ್ತದೆ. ಪೂರ್ತಿ ತೊಳೆಯುವುದು ಬೇಡ, ಅರ್ಧಕ್ಕಿಂತ ಜಾಸ್ತಿ ಹೋದರೆ ಸಾಕು. ಕಪ್ಪಾಗಿ ಮೆತ್ತಗಾದ ಬೇರು ಇದ್ದರೆ ಕತ್ತರಿಸಿ. ತಕ್ಷಣ ಹೊಸ ಮಣ್ಣಿಗೆ ನೆಟ್ಟು, ನೀರು ಹಾಕಿ, ಒಂದು ವಾರ ನೆರಳಲ್ಲಿಡಿ. ಸುಡು ಬೇಸಿಗೆಯಲ್ಲಿ ಈ ಕೆಲಸ ಬೇಡ. ಮಳೆಗಾಲದ ಮೋಡದ ದಿನ ಅಥವಾ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಬಿಡಿಸಿದರೆ ಸಾಯುತ್ತೆ ಅಂತ ನರ್ಸರಿಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಒಣ ಉಂಡೆಯನ್ನ ಸುತ್ತಿಗೆಯಲ್ಲಿ ಕುಟ್ಟಿ ಬೇರು ಹರಿದರೆ ಖಂಡಿತ ಸಾಯುತ್ತದೆ.

ಗಿಫ್ಟ್ ಬಂದ ಕುಂಡದಲ್ಲಿ ನಾಲ್ಕು ಗಿಡ ಇವೆ. ಬೇರೆ ಮಾಡ್ಬೇಕಾ?

ಗೃಹಪ್ರವೇಶಕ್ಕೋ ಫೆಬ್ರವರಿ 14ಕ್ಕೋ ಬರುವ ಪುಟ್ಟ ಕುಂಡಗಳಲ್ಲಿ ತುಂಬಿದ ಹಾಗೆ ಕಾಣಲಿ ಅಂತ ಮೂರು ನಾಲ್ಕು ಕಟಿಂಗ್ ಒಟ್ಟಿಗೆ ನೆಟ್ಟಿರುತ್ತಾರೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆಗಿದ್ದರೆ ಬಿಡಿಸುವುದು ಸುಲಭ. ಆದರೆ ಸೊರಗಿದ ಗಿಡದ ಬೇರನ್ನ ನಾಲ್ಕು ಪಾಲು ಮಾಡುವುದು ಅಪಾಯ. ಮೊದಲು ಹಾಗೇ ಒಂದು ಸೈಜ್ ದೊಡ್ಡ ಕುಂಡಕ್ಕೆ ಹಾಕಿ, ಚಿಗುರಿದ ಮೇಲೆ ಬೇರೆ ಮಾಡಿ. ನಾಲ್ಕರಲ್ಲಿ ಒಂದು ಸತ್ತಿದ್ದರೆ ಅದನ್ನ ಬುಡಕ್ಕೇ ಕತ್ತರಿಸಿ, ಕೀಳಬೇಡಿ.

ಎಷ್ಟು ದೊಡ್ಡ ಕುಂಡ? ಮಣ್ಣು ಹೇಗೆ ಕಲಸೋದು?

ಆರರಿಂದ ಎಂಟು ಇಂಚಿನ ಕುಂಡ ಸಾಕು. ಕಾಯಿಲೆಯ ಪುಟ್ಟ ಗಿಡವನ್ನ ಹದಿನಾಲ್ಕು ಇಂಚಿನ ಕುಂಡಕ್ಕೆ ಹಾಕಿದರೆ ಅಷ್ಟೂ ಮಣ್ಣಿನ ನೀರನ್ನ ಹೀರಲು ಸಾಕಷ್ಟು ಬೇರು ಇರಲ್ಲ, ಮಣ್ಣು ದಿನಗಟ್ಟಲೆ ಒದ್ದೆಯಾಗೇ ಇರುತ್ತದೆ.

ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಎರೆಗೊಬ್ಬರ, ತೊಳೆದ ಕೊಕೊಪೀಟ್, ದಪ್ಪ ಮರಳು. ಒಂದು ಹಿಡಿ ಬೇವಿನ ಹಿಂಡಿ. ಎಂ ಸ್ಯಾಂಡ್ ಹಾಕುವವರು ಜರಡಿ ಹಿಡಿದು ಧೂಳು ತೆಗೆಯಿರಿ, ಇಲ್ಲದಿದ್ದರೆ ಅದೇ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಕಲಸಿದ ಮಣ್ಣನ್ನ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ, ಬೆರಳು ತಾಗಿಸಿದರೆ ಪುಡಿಯಾಗಬೇಕು.

ಏನ್ ಗೊಬ್ಬರ ಹಾಕಿದ್ರೆ ಬೇಗ ಚೇತರಿಸಿಕೊಳ್ಳುತ್ತೆ?

ಯಾವುದೂ ಬೇಡ. ಹೆಚ್ಚು ಗಿಡಗಳು ಸಾಯುವುದು ಇಲ್ಲೇ. ಎಲೆ ಹಳದಿಯಾಯ್ತು, ಡಿಎಪಿ ಅನ್ನುವ ರಾಸಾಯನಿಕ ಗೊಬ್ಬರ ಒಂದು ಚಮಚ. ಸರಿಹೋಗಲಿಲ್ಲ, ಕಡಲೆಕಾಯಿ ಹಿಂಡಿ ನೆನೆಸಿದ ನೀರು. ಮತ್ತೂ ಆಗಲಿಲ್ಲ, ಇನ್ನೇನೋ ಪುಡಿ. ಬೇರು ಹಾಳಾದ ಗಿಡ ಗೊಬ್ಬರ ತೆಗೆದುಕೊಳ್ಳಲ್ಲ. ಮಣ್ಣಿನಲ್ಲಿ ಲವಣ ಜಾಸ್ತಿಯಾಗಿ ಇರುವ ಬೇರೂ ಸುಡುತ್ತದೆ. ಎಲೆಯ ಅಂಚು ಕಂದಾಗಿ ಗರಿಗರಿಯಾಗಿದ್ದರೆ ಬಹಳ ಸಲ ಇದೇ ಕಾರಣ. ಆಗ ಕುಂಡದ ಮೂಲಕ ಎರಡು ಮೂರು ಸಲ ಧಾರಾಳ ನೀರು ಹಾಯಿಸಿ ತೊಳೆಯಿರಿ.

ಹೊಸ ಚಿಗುರು ಬಂದು ಎಲೆ ಬಿಚ್ಚಿದ ಮೇಲೆ ಶುರು ಮಾಡಿ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಬೇಕಿದ್ದರೆ ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಒಂದು ಗ್ರಾಂ, ಅದೂ ಮಣ್ಣು ಒದ್ದೆ ಇರುವಾಗ.

ಟೀ ಸೊಪ್ಪು, ಮೊಟ್ಟೆ ಸಿಪ್ಪೆ, ಈರುಳ್ಳಿ ಸಿಪ್ಪೆ ನೀರು? ವಿಡಿಯೋದಲ್ಲಿ ಮೂರೇ ದಿನಕ್ಕೆ ಹೂ ಬಂತು.

ಮೂರು ದಿನಕ್ಕೆ ಬಂದದ್ದು ಬೇರೆ ಗಿಡ ಇರಬೇಕು. ಟೀ ಸೊಪ್ಪನ್ನ ಹಾಲು ಸಕ್ಕರೆ ಹೋಗುವ ಹಾಗೆ ತೊಳೆದು ಕಾಂಪೋಸ್ಟಿಗೆ ಹಾಕಿ, ನೇರ ಕುಂಡಕ್ಕೆ ಹಾಕಿದರೆ ಇರುವೆ, ನೊಣ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು. ಈರುಳ್ಳಿ ಸಿಪ್ಪೆ ನೀರಿನಿಂದ ಹಾನಿ ಇಲ್ಲ, ಪವಾಡವೂ ಇಲ್ಲ.

## ಹುಳ, ರೋಗ

ಎಲೆ ಮೇಲೆ ಧೂಳು ಕೂತ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಒರೆಸಿದ್ರೂ ಹೋಗಲ್ಲ. ಆಮೇಲೆ ಎಲೆ ಉದುರುತ್ತೆ.

ಮೈಟ್ಸ್, ಅಂದ್ರೆ ನುಸಿ. ಮಿನಿಯೇಚರ್ ಗುಲಾಬಿಯ ಮೊದಲ ಶತ್ರು ಇದೇ. ಫೆಬ್ರವರಿಯಿಂದ ಮೇವರೆಗೆ ಒಣ ಗಾಳಿಯಲ್ಲಿ ಜಾಸ್ತಿ. ಗಿಡ ನೆಲಕ್ಕೆ ಹತ್ತಿರ, ಎಲೆ ಒತ್ತೊತ್ತು, ಒಳಗೆ ಗಾಳಿ ಆಡಲ್ಲ, ಅವಕ್ಕೆ ಇನ್ನೇನು ಬೇಕು. ಬಿಳಿ ಹಾಳೆಯ ಮೇಲೆ ಒಂದು ಕೊಂಬೆಯನ್ನ ತಟ್ಟಿ. ಚುಕ್ಕೆಗಳು ಬಿದ್ದವಲ್ಲ, ಅರ್ಧ ನಿಮಿಷ ಸುಮ್ನೆ ನೋಡ್ತಾ ಇರಿ. ಧೂಳಾದರೆ ಅಲ್ಲೇ ಇರುತ್ತದೆ. ಮೈಟ್ಸ್ ಆದರೆ ನಡೆಯಲು ಶುರು ಮಾಡುತ್ತವೆ, ಬೆರಳಿಂದ ಒರೆಸಿದರೆ ಕೆಂಪು ಅಥವಾ ಹಸಿರು ಗೀರು. ಅವು ಕಟ್ಟುವ ಬಲೆ ಕಾಣುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಮೊದಲ ಔಷಧಿ ನೀರು. ಕುಂಡವನ್ನ ಬಚ್ಚಲಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಗಿಡ ಅಡ್ಡ ಹಿಡಿದು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಬೆಳಗಿನ ಹೊತ್ತು, ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಬಿಡದೆ. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಅವಕ್ಕೆ ಒಂದು ವಾರ ಸಾಕು, ಅದಕ್ಕೇ ಒಂದು ಸಲ ತೊಳೆದು ಬಿಟ್ಟರೆ ಪ್ರಯೋಜನ ಇಲ್ಲ. ಜೊತೆಗೆ ವಾರಕ್ಕೊಮ್ಮೆ ಸಂಜೆ ಬೇವಿನೆಣ್ಣೆ, ಲೀಟರ್ ನೀರಿಗೆ 5 ಎಂಎಲ್, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಬಾಡಿದ ಗಿಡಕ್ಕೆ, ಬಿಸಿಲಿನಲ್ಲಿ ಹೊಡೆಯಬೇಡಿ, ಎಲೆ ಸುಡುತ್ತದೆ.

ಔಷಧಿ ಅಂಗಡಿಯಲ್ಲಿ ಕೇಳಿದರೆ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟು ಕಳಿಸುವುದು ಮಾಮೂಲು. ಅದು ಗಿಡದ ಹೇನಿಗೆ ಸರಿ, ಮೈಟ್ಸ್‌ಗೆ ಅಲ್ಲ. ಮೈಟ್ಸ್ ಎಂಟು ಕಾಲಿನವು, ಜೇಡದ ಬಳಗ. ಈ ಔಷಧಿ ಹೊಡೆದ ಮೇಲೆ ಅವು ಇನ್ನೂ ಜಾಸ್ತಿಯಾಗುವುದೂ ಉಂಟು.

ಮೊಗ್ಗು ಬರುತ್ತೆ. ಅರಳೋ ಮುಂಚೆ ಅಂಚು ಕಂದಾಗಿ ಹಾಗೇ ಮುದುಡಿಕೊಳ್ಳುತ್ತೆ.

ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಮೊಗ್ಗನ್ನ ಬಿಡಿಸಿ ನೋಡಿ, ಎಸಳಿನ ಬುಡದಲ್ಲಿ ಸಣ್ಣ ದಾರದ ಚೂರಿನ ಹಾಗಿರುವವು ಓಡುತ್ತವೆ. ತಿಳಿ ಬಣ್ಣದ ಹೂಗಳಿಗೆ ಕಾಟ ಜಾಸ್ತಿ. ಔಷಧಿ ಮೊಗ್ಗಿನ ಒಳಗೆ ಹೋಗಲ್ಲ, ಆದ್ದರಿಂದ ಹಾಳಾದ ಮೊಗ್ಗನ್ನೆಲ್ಲ ಕಿತ್ತು ಕವರಿಗೆ ಕಟ್ಟಿ ಬಿಸಾಡಿ. ಒಂದು ಸುತ್ತು ಹೂ ಹೋಗುತ್ತೆ, ಹೋಗಲಿ. ಅವು ಮಣ್ಣಿನಲ್ಲಿ ಕೋಶ ಕಟ್ಟುವುದರಿಂದ ಮೇಲಿನ ಅರ್ಧ ಇಂಚು ಮಣ್ಣನ್ನ ಬದಲಾಯಿಸಿ. ನೀಲಿ ಅಂಟು ಹಾಳೆ ನೇತುಹಾಕಿ. ತೀರಾ ಹೆಚ್ಚಾದರೆ ಸ್ಪಿನೋಸ್ಯಾಡ್ ಅನ್ನುವ ಕೀಟನಾಶಕ ಇದೆ. ಡಬ್ಬಿಯ ಮೇಲಿನ ಅಳತೆ ಮೀರಬೇಡಿ, ಸಂಜೆ ಜೇನುನೊಣ ಹೋದ ಮೇಲೆ ಹೊಡೆಯಿರಿ.

ಜೂನ್ ಬಂತೆಂದ್ರೆ ಎಲೆಯಲ್ಲಿ ಕಪ್ಪು ಚುಕ್ಕೆ ಮಾರಾಯ್ರೆ. ಆಗಸ್ಟಿಗೆ ಗಿಡ ಬೋಳು. ಇಲ್ಲಿ ಗುಲಾಬಿ ಆಗುದೇ ಇಲ್ವಾ?

ಆಗುತ್ತದೆ, ಸೂರಿನ ಕೆಳಗೆ ಇಟ್ಟರೆ. ಕಪ್ಪು ಚುಕ್ಕೆ ರೋಗದ ಬೀಜಕ ಮೊಳೆಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಕರಾವಳಿ, ಮಲೆನಾಡಿನ ಮಳೆಯಲ್ಲಿ ಎಲೆ ಒಣಗುವುದೇ ಅಪರೂಪ. ಕುಂಡದ ಗಿಡಕ್ಕೆ ಒಂದು ಅನುಕೂಲ ಇದೆಯಲ್ಲ, ಎತ್ತಿ ಸಜ್ಜಾದ ಕೆಳಗೆ ಇಡಬಹುದು. ಮಳೆ ತಾಗದೆ ಬೆಳಕು ತಾಗುವ ಜಾಗ ಹುಡುಕಿ. ಚುಕ್ಕೆ ಬಂದ ಎಲೆ, ಉದುರಿದ ಎಲೆ ಎರಡನ್ನೂ ಆರಿಸಿ ಬಿಸಾಡಿ. ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಹೊಡೆದರೆ ಹೊಸ ಎಲೆ ಉಳಿಯುತ್ತದೆ. ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗಲ್ಲ.

ಬೆಂಗಳೂರು, ಮೈಸೂರಿನ ಕಡೆ ನವೆಂಬರ್‌ನಿಂದ ಫೆಬ್ರವರಿವರೆಗೆ ಚಿಗುರಿನ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಂಡರೆ ಅದು ಬೇರೆ, ಬೂದಿ ರೋಗ. ಅದಕ್ಕೆ ಎಲೆ ಒದ್ದೆ ಇರಬೇಕಾಗಿಲ್ಲ, ತಣ್ಣನೆ ರಾತ್ರಿ ಸಾಕು. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಹೊಡೆಯಬಹುದು. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಮಾತ್ರ ಗಂಧಕ ಬೇಡ.

ಕೊಂಬೆ ತುದಿಯಿಂದ ಕಪ್ಪಾಗ್ತಾ ಕೆಳಗಿಳೀತಾ ಇದೆ.

ಇದಕ್ಕೆ ಕಾಯಬಾರದು. ಕಪ್ಪು ನಿಂತ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ನಡುವಿನ ತಿರುಳು ಬೆಳ್ಳಗಿದ್ದರೆ ಸರಿ. ಕಂದು ಚುಕ್ಕೆ ಇದ್ದರೆ ಇನ್ನೂ ಕೆಳಗೆ ಹೋಗಿ. ಪ್ರತಿ ಸಲ ಕತ್ತರಿಯನ್ನ ಸ್ಪಿರಿಟ್‌ನಿಂದ ಒರೆಸಿ. ಕತ್ತರಿಸಿದ ಕಡೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ. ಅರಿಶಿನ ಹಚ್ಚುವವರೂ ಇದ್ದಾರೆ, ತೊಂದರೆ ಇಲ್ಲ, ಆದರೆ ರೋಗದ ಭಾಗ ಉಳಿಸಿ ಏನು ಹಚ್ಚಿದರೂ ಅಷ್ಟೇ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಎಪ್ಸಮ್ ಸಾಲ್ಟ್ ಹಾಕ್ಲಾ?

ಹೊಸ ಎಲೆಯಲ್ಲಿ ಹೀಗಾದರೆ ಕಬ್ಬಿಣದ ಕೊರತೆ. ಎಪ್ಸಮ್ ಸಾಲ್ಟ್ ಮೆಗ್ನೀಷಿಯಂ ಕೊಡುತ್ತದೆ, ಅದರ ಕೊರತೆ ಕಾಣುವುದು ಹಳೇ ಎಲೆಯಲ್ಲಿ. ಬೋರ್‌ವೆಲ್ ನೀರಿನವರಿಗೆ ಈ ಸಮಸ್ಯೆ ಸಾಮಾನ್ಯ. ನೀರಿನ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ, ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ್ದು) ಎಲೆಗೆ ಸಿಂಪಡಿಸಿದರೆ ಸದ್ಯಕ್ಕೆ ಸರಿಹೋಗುತ್ತದೆ. ಮಳೆ ನೀರು ಹಿಡಿದಿಟ್ಟು ಹಾಕುವುದು ಉತ್ತಮ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನ ಗುಲಾಬಿಗೆ ಹಾಕಬೇಡಿ, ಲವಣ ಎಲ್ಲಾ ಅದರಲ್ಲೇ ಇರುತ್ತದೆ.

## ಸ್ವಲ್ಪ ಪಳಗಿದವರಿಗೆ

ಒಂದೇ ತೊಟ್ಟಿನಲ್ಲಿ ಏಳೆಲೆ ಬಂದಿದೆ, ಕಾಡು ಗುಲಾಬಿ ಅಂತ ಪಕ್ಕದ ಮನೆ ಆಂಟಿ ಕೀಳಿಸ್ತಿದ್ದಾರೆ.

ತಡೆಯಿರಿ. ಐದೆಲೆ ಒಳ್ಳೇದು, ಏಳೆಲೆ ಕಾಡು ಅನ್ನುವ ಲೆಕ್ಕ ನಂಬುವಂಥದ್ದಲ್ಲ. ಎಷ್ಟೋ ತಳಿಗಳಲ್ಲಿ ಏಳೆಲೆ ಸಹಜ. ಚಿಗುರು ಎಲ್ಲಿಂದ ಬಂದಿದೆ ಅಂತ ನೋಡಿ. ಕಸಿ ಗಂಟಿನ (ಕಾಡು ಗುಲಾಬಿಯ ಬುಡಕ್ಕೆ ಒಳ್ಳೇ ತಳಿ ಕೂಡಿಸಿದ ಜಾಗ) ಕೆಳಗಿನಿಂದ ಬಂದಿದ್ದರೆ ಮಾತ್ರ ಬುಡದಿಂದ ತೆಗೆಯಿರಿ. ಬಟನ್ ರೋಸ್ ಬಹಳಷ್ಟು ಕಟಿಂಗ್‌ನಿಂದಲೇ ಬೆಳೆಸಿದ್ದು, ಗಂಟೇ ಇಲ್ಲದಿದ್ದರೆ ಕಾಡು ಚಿಗುರು ಬರುವ ಪ್ರಶ್ನೆಯೇ ಇಲ್ಲ.

ಪ್ರೂನಿಂಗ್ ಯಾವಾಗ? ಎಷ್ಟು?

ಗಟ್ಟಿಮುಟ್ಟಾದ ಗಿಡಕ್ಕೆ ಅಕ್ಟೋಬರ್, ಮಳೆ ಹಿಂದೆ ಸರಿದ ಮೇಲೆ. ಮೂರನೇ ಒಂದು ಭಾಗ ತೆಗೆದರೆ ಸಾಕು, ದೊಡ್ಡ ಗುಲಾಬಿಯ ಹಾಗೆ ಬುಡಕ್ಕೆ ಬೋಳಿಸಬೇಡಿ. ಒಳಗೆ ಒಂದಕ್ಕೊಂದು ಉಜ್ಜುವ ಸಣ್ಣ ಕಡ್ಡಿಗಳನ್ನ ತೆಗೆದು ಗಾಳಿ ಆಡಲು ಬಿಡಿ. ಕತ್ತರಿಸಿದ ಆರೇಳು ವಾರಕ್ಕೆ ಹೂ. ಸೊರಗಿದ ಗಿಡದಲ್ಲಿ ಸತ್ತ ಭಾಗ, ಮೊಗ್ಗು ಮಾತ್ರ ತೆಗೆಯಿರಿ. ಹಸಿರೆಲೆ ಒಂದೂ ತೆಗೆಯಬೇಡಿ, ಅದು ಊಟ ಮಾಡುವುದೇ ಅದರಿಂದ.

ಉಳಿಯೋ ನಂಬಿಕೆ ಇಲ್ಲ. ಕಟಿಂಗ್ ಮಾಡಿಟ್ಟುಕೊಳ್ಳಲಾ?

ಮಾಡಿ, ಗಿಡದಲ್ಲಿ ಶಕ್ತಿ ಇರುವಾಗಲೇ. ಹೂ ಬಂದು ಹೋದ, ಪೆನ್ಸಿಲ್‌ಗಿಂತ ತೆಳ್ಳಗಿನ ಕೊಂಬೆ, ಮೂರು ನಾಲ್ಕು ಗಿಣ್ಣು ಇರಲಿ. ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಮರಳು ಕೊಕೊಪೀಟ್ ಮಿಶ್ರಣದಲ್ಲಿ ನೆಡಿ. ಮೇಲೆ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿ. ನೆರಳಲ್ಲಿಡಿ. ಎಲೆ ಚಿಗುರಿತು ಅಂತ ಕಿತ್ತು ಬೇರು ನೋಡಬೇಡಿ, ಬೇರಿಲ್ಲದೆಯೂ ಕಟಿಂಗ್ ಚಿಗುರುತ್ತದೆ. ನಾಲ್ಕರಿಂದ ಆರು ವಾರ ಕಾಯಿರಿ.

ನಾವಿರೋದು ಜರ್ಮನಿಯಲ್ಲಿ. ಸೂಪರ್‌ಮಾರ್ಕೆಟ್ಟಿನ ಗುಲಾಬಿ ಚಳಿಗಾಲದಲ್ಲಿ ಕಿಟಕಿ ಹತ್ತಿರವೂ ಒಣಗುತ್ತೆ.

ಕಿಟಕಿಯ ಕೆಳಗೆ ಹೀಟರ್ ಇದೆ ಅಲ್ವಾ? ಬಿಸಿ ಒಣ ಗಾಳಿ, ಕಮ್ಮಿ ಬೆಳಕು, ನಮ್ಮ ಏಪ್ರಿಲ್‌ನಲ್ಲಿ ಬರುವ ಮೈಟ್ಸ್ ನಿಮಗೆ ಡಿಸೆಂಬರ್‌ನಲ್ಲಿ ಬರುತ್ತವೆ. ಈ ಗಿಡ ಚಳಿ ತಡೆಯುತ್ತದೆ, ಬೆಚ್ಚನೆಯ ಕೋಣೆ ತಡೆಯಲ್ಲ. ಹೀಟರ್ ಇಲ್ಲದ, ಬೆಳಕಿರುವ ಮೆಟ್ಟಿಲ ಹತ್ತಿರವೋ ಗಾಜಿನ ಬಾಲ್ಕನಿಯಲ್ಲೋ ಇಡಿ. ನೀರು ತೀರಾ ಕಮ್ಮಿ. ಎಲೆ ಉದುರಿದರೆ ಉದುರಲಿ, ನಿದ್ದೆ ಮಾಡಲಿ. ಮೇ ಮಧ್ಯದಲ್ಲಿ ಹಿಮದ ಭಯ ಕಳೆದ ಮೇಲೆ ಹೊರಗೆ.

ಎಲ್ಲಾ ಮಾಡಿದೆ. ಯಾವಾಗ ಕೈಬಿಡಬೇಕು?

ಬುಡದವರೆಗೆ ಕೆರೆದರೂ ಹಸಿರಿಲ್ಲ, ಕುಂಡದಿಂದ ತೆಗೆದಾಗ ಬೇರು ಕಪ್ಪಾಗಿ ಜಿಡ್ಡು ಜಿಡ್ಡಾಗಿ ಕೊಳೆತ ವಾಸನೆ ಬಂತು ಅಂದ್ರೆ ಮುಗೀತು. ಆ ಮಣ್ಣನ್ನ ಮತ್ತೆ ಗುಲಾಬಿಗೆ ಬಳಸಬೇಡಿ, ಕುಂಡವನ್ನ ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಹೊಸದನ್ನ ತರುವಾಗ ಹೂ ಜಾಸ್ತಿ ಇರುವ ಗಿಡ ಬಿಟ್ಟು, ಬುಡದಿಂದ ಮೂರು ನಾಲ್ಕು ಕೊಂಬೆ ಹೊಡೆದು ಮೊಗ್ಗು ಈಗಷ್ಟೇ ಕಟ್ಟುತ್ತಿರುವ ಗಿಡ ಆರಿಸಿ. ಎಲೆಯ ಅಡಿಭಾಗ ತಿರುಗಿಸಿ ನೋಡಿ. ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಒಂದು ಕಡ್ಡಿ ಚುಚ್ಚಿ ಮಣ್ಣೂ ಪರೀಕ್ಷೆ ಮಾಡಿ.